ಒಂದು ಹನಿ ನೀಲಿ

ನಮ್ಮಪ್ಪನ ಎಡಗೈ ಹೆಬ್ಬೆರಳ ಉಗುರು ಉಗುರಿನ ಬಣ್ಣದಲ್ಲಿದ್ದದ್ದನ್ನು ನಾನು ಕಂಡೇ ಇಲ್ಲ. ಬಣ್ಣ ಕಲಸಿದ ಮೇಲೆ ಅದರ ಒಂದು ಹನಿಯನ್ನು ಆ ಉಗುರಿನ ಮೇಲೆ ಇಟ್ಟುಕೊಂಡು, ಮಾದರಿ ಬಟ್ಟೆಯ ಪಕ್ಕಕ್ಕೆ ಹಿಡಿದು, ಕತ್ತು ಓರೆ ಮಾಡಿ ನೋಡುವುದು ಅವನ ಪದ್ಧತಿ. ಹೊಂದಿತು ಅನ್ನಿಸಿದರೆ ಬ್ರಷ್ ಎತ್ತುತ್ತಾನೆ. ಇಲ್ಲವಾದರೆ ಉಗುರನ್ನು ಲುಂಗಿಗೆ ಒರೆಸಿ ಮತ್ತೆ ಕಲಸುತ್ತಾನೆ. ಹೀಗಾಗಿ ಅವನ ಲುಂಗಿಗಳೂ ಲುಂಗಿಯ ಬಣ್ಣದಲ್ಲಿಲ್ಲ. ಚಮಚದ ಅಳತೆ ಇಲ್ಲ, ಬರೆದಿಡುವುದಂತೂ ಇಲ್ಲವೇ ಇಲ್ಲ. ಕೇಳಿದರೆ, "ಅಳತಿ ಮಾಡಾಕ ಇದೇನು ಹಾಲಾ?" ಎನ್ನುತ್ತಾನೆ.

ಹೆಸರು ಕನಕರಾಯ. ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ಎತ್ತಿನ ಬಂಡಿಗಳಿಗೆ ಬಣ್ಣ ಬಳಿಯುತ್ತಿದ್ದವನು. ಬಂಡಿಗಳು ಕಮ್ಮಿಯಾದಾಗ ಟ್ರ್ಯಾಕ್ಟರ್ ಟ್ರ್ಯಾಲಿಗಳಿಗೆ ಬಳಿದ. ಟ್ರ್ಯಾಲಿಗಳು ಬಣ್ಣ ಹಚ್ಚಿಸಿಕೊಂಡೇ ಊರಿಗೆ ಬರತೊಡಗಿದಾಗ ನಮ್ಮನ್ನು ಕಟ್ಟಿಕೊಂಡು ಮಾನ್ವಿಗೆ ಬಂದು, ರಾಯಚೂರು ರಸ್ತೆಯಲ್ಲಿ ಬಡಿಗ ಬಂದೇನವಾಜ್ ಚಾಚಾನ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತ. ಚಾಚಾ ಮಾಡಿದ ಮಂಚ, ಕುರ್ಚಿ, ಅಲಮಾರಿಗಳಿಗೆ ಕಂದು, ಕೆನೆ, ಬೂದಿ ಈ ಮೂರೇ ಬಣ್ಣ ಹಚ್ಚುತ್ತ ಇಪ್ಪತ್ತು ವರ್ಷ ಕಳೆದ.

ನಾನು ದೇವಿಕಾ, ಅವನ ಒಬ್ಬಳೇ ಮಗಳು. ದೇವದುರ್ಗಕ್ಕೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಬಟ್ಟೆಯ ಪೆಟ್ಟಿಗೆ ಹೊತ್ತು ತಿರುಗಿ ಬಂದವಳು. ಯಾಕೆ ಬಂದೆ ಎಂಬ ಕಥೆಯನ್ನು ನಮ್ಮ ಓಣಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರನ್ನೇ ಕೇಳಿ. ಬಂದವಳೇ ಶೆಡ್ಡಿನ ಮುಂದಿನ ಅರ್ಧದಲ್ಲಿ ಹೊಲಿಗೆ ಮಷೀನ್ ಇಟ್ಟು ಬ್ಲೌಸ್ ಹೊಲಿಯತೊಡಗಿದೆ. ಅಳತೆ ಕೊಡಲು ಬಂದ ಹೆಂಗಸರು ನನ್ನ ಕೊರಳು ನೋಡಿ, ತಾಳಿ ಕಾಣದೆ, ಪಾಪ ಎನ್ನುವ ಮುಖ ಮಾಡುತ್ತಿದ್ದರು. ಆ ಮುಖಕ್ಕಿಂತ ಬೈಗುಳವೇ ಮೇಲು.

ಮೂರು ವರ್ಷದ ಹಿಂದೆ ನನ್ನ ಮಷೀನಿನ ಟೇಬಲ್ಲಿನ ಬಣ್ಣ ಕಿತ್ತು ಹೋಯಿತು. ಫೋನಿನಲ್ಲಿ ನೋಡುತ್ತಿದ್ದೆನಲ್ಲ, ಆ ವರ್ಷ ಯಾವ ಬಣ್ಣದ ಸೀರೆ ಓಡುತ್ತದೋ ಅದೇ ಬಣ್ಣವನ್ನು ದೊಡ್ಡ ಊರಿನವರು ಕುರ್ಚಿಗೂ ಕಪಾಟಿಗೂ ಹೂದಾನಿಗೂ ಹಚ್ಚಿಸುತ್ತಿದ್ದರು. ನನಗೂ ಆಸೆಯಾಯಿತು. ಒಂದು ಗುಲಾಬಿ ಬ್ಲೌಸ್ ಪೀಸು ಅಪ್ಪನ ಕೈಗೆ ಕೊಟ್ಟು, "ಇದಕ್ಕ ಹೊಂದೂ ಹಂಗ ಹಚ್ಚು ಯಪ್ಪಾ" ಎಂದೆ. ಎರಡು ದಿನ ಬಿಟ್ಟು ಒಣಗಿದ ಮೇಲೆ ನೋಡಿದರೆ ಅದು ಬಟ್ಟೆಯ ಗುಲಾಬಿ ಅಲ್ಲ. ಗುಲಾಬಿಯೇ, ಆದರೆ ಒಳಗೆ ಯಾವುದೋ ನೇರಳೆ ಕದ್ದು ಕೂತಂತಿತ್ತು. ಶೆಡ್ಡಿನ ಹೊರಗೆ ರಸ್ತೆಯಲ್ಲಿ ಹೋಗುವವರಿಗೂ ಅದು ಕಾಣುತ್ತಿತ್ತು.

"ಕಣ್ಣು ಎಲ್ಲಿಟ್ಟಿದ್ದಿ?" ಎಂದು ರೇಗಿದೆ.

"ಹೊಂದ್ಯದಲ್ಲ ಬೇ," ಎಂದು ಅವನು ಬಟ್ಟೆಯನ್ನು ಟೇಬಲ್ಲಿನ ಮೇಲೆ ಹಾಸಿ ತೋರಿಸಿದ. ಅವನಿಗೆ ನಿಜವಾಗಿಯೂ ಹೊಂದಿದಂತೆ ಕಂಡಿತ್ತು. ಹಟ ಮಾಡುತ್ತಿದ್ದಾನೆ ಎಂದುಕೊಂಡು ನಾನು ಆ ದಿನವಿಡೀ ಮಾತು ಬಿಟ್ಟೆ.

ಸಂಜೆ ವಿಜಯಲಕ್ಷ್ಮಿ ಅಕ್ಕಾರು ಬ್ಲೌಸಿನ ಅಳತೆಗೆ ಬಂದರು. ಊರಿನ ಅಕ್ಕಿ ಗಿರಣಿಯವರ ಮನೆಯವರು, ಹಣೆಯಲ್ಲಿ ಸಣ್ಣ ವಿಭೂತಿ, ಮೆಲು ಮಾತು. ಟೇಬಲ್ ಕಂಡವರು ಅಳತೆ ಮರೆತು ಅದರ ಸುತ್ತ ಒಂದು ಸುತ್ತು ಹಾಕಿದರು.

"ಈ ಬಣ್ಣ ಎಲ್ಲಿ ಸಿಕ್ಕಿತು ದೇವಿಕಾ? ರಾಯಚೂರಾಗ ಎಲ್ಲಾ ಅಂಗಡಿ ತಿರುಗೀನಿ, ಇಂಥಾದ್ದು ನೋಡೇ ಇಲ್ಲ."

"ನಮ್ಮಪ್ಪ ಕಲಸಿದ್ದು ಅಕ್ಕಾರ," ಎಂದೆ. ಬೆಳಗಿನಿಂದ ಬೈದ ಬಾಯಿಂದಲೇ.

ಅವರ ಮನೆಯ ಹಳೆಯ ಅಲಮಾರಿಯಿಂದ ಶುರುವಾಯಿತು. ಹಸಿರು ಸೀರೆಯ ತುದಿ ಕೊಟ್ಟರೆ ಅಪ್ಪನ ಕೈಯಲ್ಲಿ ಅದು ನವಿಲಿನ ಕಡೆಗೆ ವಾಲಿದ ಹಸಿರಾಗುತ್ತಿತ್ತು. ಕೆಂಪು ಕೊಟ್ಟರೆ ದಾಳಿಂಬೆ ಒಡೆದಂಥ ಕೆಂಪು. ಬರೀ ಬಿಳಿ ಕೇಳಿದವರಿಗೂ ಒಂದು ತಂಪು ಬಿಳಿ. ಯಾವುದೂ ಕೊಟ್ಟ ಬಟ್ಟೆಯಂತೆ ಇರುತ್ತಿರಲಿಲ್ಲ, ಎಲ್ಲವೂ ಬಟ್ಟೆಗಿಂತ ಒಂದು ಕೈ ಮೇಲಿರುತ್ತಿದ್ದವು. ನಾನು ಅವುಗಳಿಗೆ ಗದ್ದೆ ಹಸಿರು, ಗೌರಿ ಗುಲಾಬಿ ಎಂದು ಹೆಸರಿಟ್ಟು ಫೋನಿನಲ್ಲಿ ವಿಡಿಯೋ ಹಾಕಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಮಾನ್ವಿಗೆ ಬಂದವರು ನಮ್ಮ ಶೆಡ್ಡಿಗೂ ಬರತೊಡಗಿದರು. ರಾಯಚೂರಿನಿಂದ ಟಂಟಂ ಆಟೋದಲ್ಲಿ ಕುರ್ಚಿಗಳು ಬಂದವು. ಸೀರೆ ತುದಿಗಳು ಮೊಳೆಗಳಿಗೆ ಸಾಲಾಗಿ ನೇತಾಡಿದವು. ಗಂಡನ ಮನೆ ಬಿಟ್ಟು ಬಂದವಳು ಬಣ್ಣದ ದೇವಿಕಾ ಆದಳು. ಪಾಪ ಎನ್ನುವ ಮುಖ ಯಾರೂ ಮಾಡಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ. ಅದು ಸಿಕ್ಕ ಮೇಲೆ ಬೇರೆ ಏನನ್ನೂ ನಾನು ಸರಿಯಾಗಿ ನೋಡಲಿಲ್ಲ.

ನೋಡಬೇಕಾಗಿದ್ದದ್ದು ಬಹಳ ಇತ್ತು. ಅಪ್ಪ ಚಹಾ ಬಗ್ಗಿಸಿದರೆ ಲೋಟದ ಹೊರಗೆ ಬೀಳುತ್ತಿತ್ತು. ಬಸ್ಸಿನ ಬೋರ್ಡನ್ನು ಪಕ್ಕದವರ ಕೈಯಲ್ಲಿ ಓದಿಸುತ್ತಿದ್ದ. ನಮ್ಮವ್ವ ಆದೆಮ್ಮನಿಗೆ, "ಸೋಮವಾರ ದಿನ ಕರಿ ಸೀರಿ ಯಾಕ ಉಡ್ತಿ?" ಎಂದು ಗದರುತ್ತಿದ್ದ. ಅದು ನೀಲಿ ಸೀರೆ. ಅವ್ವ ಅದನ್ನು ಗಂಡನ ಕೊಂಕು ಎಂದು ತಿಳಿದು ಎರಡು ವರ್ಷ ಜಗಳವಾಡಿದಳು. ಕೊನೆಗೆ ಅಪ್ಪ ಮೆಟ್ಟಿಲು ಕಾಣದೆ ಚಾಚಾನ ಅಂಗಡಿಯ ಮುಂದೆ ಬಿದ್ದಾಗ ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು.

"ಎರಡೂ ಕಡೆ ಪೊರೆ ಬಲಿತದ್ರಿ. ಕಣ್ಣಿನ ಮುಂದ ಹಳದಿ ಗಾಜು ಇಟ್ಟಂಗ ಆಗ್ಯದ. ನೀಲಿ ಬಣ್ಣ ಒಳಗ ಹೋಗಂಗೇ ಇಲ್ಲ. ಏನು ಕೆಲಸ ಮಾಡ್ತಾರ?"

"ಬಣ್ಣ ಕಲಸ್ತಾರ್ರಿ," ಎಂದೆ.

ಅವರು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನೀಲಿ ಎಷ್ಟು ಹೆಚ್ಚಾದರೂ ಇವರಿಗೆ ಗೊತ್ತಾಗುವುದಿಲ್ಲ, ಇವರ ಕಣ್ಣಿಗೆ ಹೊಂದಿದಂತೆಯೇ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾನು ಸಾವಿರ ಸಲ ಆಡಿದ್ದೇನೆ. ಅದು ನಮ್ಮ ಶೆಡ್ಡಿನಲ್ಲೇ ಮೂರು ವರ್ಷದಿಂದ ಕೂತಿತ್ತು. ನಾನು ಹೆಸರಿಟ್ಟು ಮೆರೆಸಿದ ಗದ್ದೆ ಹಸಿರು, ಗೌರಿ ಗುಲಾಬಿ ಎಲ್ಲ ಅಪ್ಪನ ಕಣ್ಣಿನ ರೋಗ.

ಎಡಗಣ್ಣು ಆಗ ಸ್ವಲ್ಪ ಕೆಂಪಾಗಿದ್ದರಿಂದ ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿದರು. "ಎಡಗಣ್ಣಿನ ಪೊರೆ ಊದಾಕತ್ತದ. ಒಂದು ತಿಂಗಳು ಬಿಟ್ಟು ಅದನ್ನೂ ಮಾಡಿಸಿಬಿಡ್ರಿ. ತಡ ಮಾಡಿದ್ರ ಒಳಗ ಒತ್ತಡ ಏರಿ ಕಣ್ಣೇ ಹೋಗಬಹುದು," ಎಂದು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದರು. ನನಗೇ ಹೇಳಿದರು, ಅಪ್ಪನಿಗಲ್ಲ. ಆಗ ಶ್ರಾವಣ ನಡೆದಿತ್ತು.

ಮನೆಗೆ ಬಂದು ಪಟ್ಟಿ ಬಿಚ್ಚಿದ ದಿನ ಅಪ್ಪ ಮೊದಲು ನೋಡಿದ್ದು ಅವ್ವನ ಸೀರೆ.

"ಇದು ನೀಲಿ ಏನು ಬೇ?"

"ಮತ್ತೇನು ಬೊಗಳ್ತಿದ್ದೆ ನಾನು ಎರಡು ವರ್ಷ?" ಎಂದು ಅವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು.

ಅಲ್ಲಿಗೆ ಸುಖ ಮುಗಿಯಿತು. ಅಪ್ಪ ಶೆಡ್ಡಿಗೆ ಬಂದು ಒಣಗಲು ಇಟ್ಟಿದ್ದ ಮೂರು ಕುರ್ಚಿಗಳ ಮುಂದೆ ನಿಂತ. ಬಹಳ ಹೊತ್ತು ನಿಂತ. ನನ್ನ ಮಷೀನಿನ ಟೇಬಲ್ ನೋಡಿದ. ನಾನು ಗೋಡೆಗೆ ಅಂಟಿಸಿದ್ದ ಫೋಟೋಗಳನ್ನು ಒಂದೊಂದಾಗಿ ನೋಡಿದ.

"ಇವನ್ನೆಲ್ಲ ನಾನಾ ಮಾಡೀನಿ?"

"ನೀನಾ ಮಾಡಿದ್ದು ಯಪ್ಪಾ."

"ಮಂದಿ ಮನ್ಯಾಗ ಹಿಂಗಾ ಇಟ್ಟಾರ?" ಎಂದ. ಅವನಿಗೆ ನಾಚಿಕೆಯಾಗಿತ್ತು. ಮದುವೆ ಮನೆಯಲ್ಲಿ ಅಂಗಿ ತಿರುವುಮುರುವಾಗಿ ಹಾಕಿಕೊಂಡು ಓಡಾಡಿದ್ದು ಮರುದಿನ ಗೊತ್ತಾದವನಂತೆ ಇದ್ದ. ಜಾಲಹಳ್ಳಿಯಲ್ಲಿ ಅವನು ಬಳಿದ ಬಂಡಿಯ ಕೆಂಪನ್ನು ಹತ್ತು ಊರಿನವರು ಗುರುತು ಹಿಡಿಯುತ್ತಿದ್ದರಂತೆ. ಅಂಥವನಿಗೆ ತನ್ನ ಕೈ ಮೂರು ವರ್ಷ ತನಗೆ ಗೊತ್ತಿಲ್ಲದೆ ಆಡಿದೆ ಎಂಬುದು ಸಹಿಸಲಾಗಲಿಲ್ಲ.

ಎರಡು ದಿನ ಬಿಟ್ಟು ಡಬ್ಬಿ, ಬ್ರಷ್ ಚೀಲದಲ್ಲಿ ಹಾಕಿಕೊಂಡು ಪೋತ್ನಾಳದ ಬಸ್ಸು ಹತ್ತಿದ. ಅಲ್ಲಿ ಯಂಕಮ್ಮ ಎಂಬವರ ಮನೆಯ ಬಾಗಿಲಿಗೂ ದೇವರ ಮಂಟಪಕ್ಕೂ ನಾವು ಬಣ್ಣ ಹಚ್ಚಿದ್ದೆವು. ತಪ್ಪಾಗಿದೆ, ಬಿಟ್ಟಿಯಾಗಿ ಸರಿ ಮಾಡಿಕೊಡುತ್ತೇನೆ ಎನ್ನುವುದು ಅವನ ವಿಚಾರ. ತಡೆಯಲಾಗದೆ ನಾನೂ ಬೆನ್ನು ಹತ್ತಿದೆ. ಯಂಕಮ್ಮ ಕೈಯಲ್ಲಿದ್ದ ಕಸಬರಿಗೆ ಕೆಳಗೆ ಇಡದೆ ಬಾಗಿಲಿಗೆ ಅಡ್ಡ ನಿಂತರು.

"ನಮ್ಮ ಬಾಗಲಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ. ಬೀಗರು ಬಂದವರೆಲ್ಲ ಈ ಬಾಗಲದ ಮುಂದ ಫೋಟೋ ತಗಸ್ಕೊಂಡು ಹೋಗ್ತಾರ."

"ಬಣ್ಣ ತಪ್ಪ್ಯದವ್ವಾ. ನನಗ ಕಣ್ಣು ಕಾಣ್ತಿದ್ದಿಲ್ಲ," ಎಂದ ಅಪ್ಪ.

"ನಿಮಗ ಕಾಣ್ತಿದ್ದಿಲ್ಲ, ನಮಗ ಕಾಣ್ತದಲ್ಲ. ಬರ್ರಿ, ಚಾ ಕುಡುದು ಹೋಗ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಎರಡೂ ಕಡೆ ಭತ್ತದ ಗದ್ದೆ. "ಇದು ಹಸಿರು," ಎಂದ ಮೆಲ್ಲಗೆ. "ನೀ ಹೆಸರಿಟ್ಟದ್ದು ಇದಲ್ಲ."

ಆಮೇಲೆ ಬಂದ ಕೆಲಸಗಳನ್ನು ಅವನು ಒಳ್ಳೆಯ ಕಣ್ಣಿನಿಂದ ಮಾಡಿದ. ಗುಲಾಬಿ ಬಟ್ಟೆಗೆ ಗುಲಾಬಿಯೇ ಬಂತು, ಹಸಿರಿಗೆ ಹಸಿರೇ. ಉಗುರಿಗೂ ಬಟ್ಟೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಗಿರಾಕಿಗಳು ಬಂದು ನೋಡಿ, "ನಮ್ಮ ಸೀರಿ ಬಣ್ಣ ಖರೆ, ಆದ್ರ ನಿಮ್ಮ ಬಣ್ಣ ಅಲ್ಲ ಇದು," ಎಂದು ಮುಖ ಸಣ್ಣ ಮಾಡಿದರು. ರಾಯಚೂರಿನ ಅಂಗಡಿಯಲ್ಲಿ ಬಣ್ಣ ಕಲಸುವ ಕಂಪ್ಯೂಟರ್ ಮಷೀನ್ ಇದೆ. ಹಳೆಯ ಕುರ್ಚಿಯ ಕಾಲೊಂದನ್ನು ಒಯ್ದು ತೋರಿಸಿದೆ. ಅದು ಅದೇ ಬಣ್ಣವನ್ನು ತಪ್ಪಿಲ್ಲದೆ ಕೊಟ್ಟಿತು. ಏನು ಬಂತು? ಪಕ್ಕದ ಮನೆಯವಳ ಅಲಮಾರಿಯ ಬಣ್ಣ ಯಾರಿಗೂ ಬೇಡ. ಪ್ರತಿಯೊಬ್ಬರೂ ತಮ್ಮ ತಮ್ಮ ಸೀರೆ ತರುತ್ತಾರೆ, ಆ ಸೀರೆ ಅಪ್ಪನ ಕಣ್ಣಿನೊಳಗೆ ಹೊಕ್ಕು ಹೊರಗೆ ಬಂದಂತೆ ಬೇಕು ಎನ್ನುತ್ತಾರೆ. ನಾನೇ ಒಂದಿಷ್ಟು ನೀಲಿ ಸುರಿದು ನೋಡಿದೆ. ಶಾಲೆಯ ಹುಡುಗರು ಶಾಯಿ ಚೆಲ್ಲಿಕೊಂಡಂತೆ ಕಂಡಿತು. ಅಪ್ಪನಿಗೆ ಸುರಿ ಎಂದರೆ, "ಕಣ್ಣಿಗೆ ಕಾಣಾಕತ್ತದ, ಕೈ ಹೋಗವಲ್ದು," ಎಂದ.

ಒಂದು ದಿನ ಅವನೇ ಟವೆಲ್ಲು ಹರಿದು ಬಲಗಣ್ಣಿಗೆ ಕಟ್ಟಿಕೊಂಡು ಕೂತ. ಪೊರೆಯ ಕಣ್ಣೊಂದರಿಂದ ಬಣ್ಣ ಕಲಸಿ, ಉಗುರಿಗೆ ಹಚ್ಚಿ, ಬಟ್ಟೆಯ ಪಕ್ಕ ಹಿಡಿದು, "ಹೊಂದ್ಯದ," ಎಂದ. ನಾನು ಹೋಗಿ ನೋಡಿದೆ. ಹೊಂದಿರಲಿಲ್ಲ. ಮೂರು ವರ್ಷದ ಹಳೆಯ ಬಣ್ಣ ತಿರುಗಿ ಬಂದಿತ್ತು. ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಅದನ್ನು ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದೇ ವಾರ ವಿಜಯಲಕ್ಷ್ಮಿ ಅಕ್ಕಾರು ಬಂದರು. ಮಗಳು ಐಶ್ವರ್ಯ ರಾಯಚೂರಿನಲ್ಲಿ ಮನೆ ಕಟ್ಟಿಸಿದ್ದಾಳೆ, ಕಾರ್ತಿಕದಲ್ಲಿ ಗೃಹಪ್ರವೇಶ. ಮಂಚ, ಎರಡು ಅಲಮಾರಿ, ಕನ್ನಡಿ ಮೇಜು, ಪುಸ್ತಕದ ಕಪಾಟು, ಊಟದ ಮೇಜು, ಜೋಕಾಲಿ ಎಲ್ಲ ಚಾಚಾನೇ ಮಾಡಬೇಕು, ಏಳಕ್ಕೂ ಬಣ್ಣ ನಮ್ಮದೇ. ಏಳು ಸಾಮಾನಿಗೆ ಐಶ್ವರ್ಯಳ ಮದುವೆಯ ಏಳು ಸೀರೆ ತಂದಿದ್ದರು.

"ನಿಮ್ಮಪ್ಪನ ಕಣ್ಣು ಹೆಂಗದವ್ವಾ ಈಗ?"

"ಆರಾಮ ಅದ ಅಕ್ಕಾರ," ಎಂದೆ.

"ಇನ್ನೊಂದು?"

"ಅದೂ ಮಾಡಸ್ತೀವಿ."

ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಯಾರ ಮೇಲಾದರೂ ಹಾಕಬಹುದಿತ್ತು.

ಆಸ್ಪತ್ರೆಯಿಂದ ಎಡಗಣ್ಣಿನ ತಾರೀಖು ಹೇಳಲು ಫೋನ್ ಬಂದಾಗ ಆಪರೇಷನ್ನಿಗೆ ಬರಲಾಗುವುದಿಲ್ಲ, ಅಪ್ಪನಿಗೆ ಕೆಮ್ಮು ಎಂದೆ. ಕೆಮ್ಮು ಇದ್ದರೆ ಕಣ್ಣಿಗೆ ಚಾಕು ಹಚ್ಚುವುದಿಲ್ಲ ಎಂದು ಮೊದಲ ಸಲ ಅವರೇ ಹೇಳಿದ್ದರು. ಅದನ್ನು ನೆನಪಿಟ್ಟುಕೊಂಡು ಅವರಿಗೇ ತಿರುಗಿಸಿದೆ. ದಸರೆಗೆ ಮತ್ತೊಂದು ತಾರೀಖು ಕೊಟ್ಟರು. ಆಗ ಕನ್ನಡಿ ಮೇಜಿನ ಕೆಲಸ ನಡೆದಿತ್ತು. ಕೆಮ್ಮು ಇನ್ನೂ ಹೋಗಿಲ್ಲ ಎಂದೆ.

"ಒಂದ್ಸಲ ಕರಕೊಂಡು ಹೋಗಬಾರದಾ?" ಎಂದು ಅವ್ವ ಕೇಳಿದಳು. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು. "ನಮ್ಮ ಯಪ್ಪನ ಕಾಲದಾಗ ಪೊರಿ ಪೂರ್ತಿ ಹಣ್ಣಾಗಲಿ ಅಂತ ಬಿಡ್ತಿದ್ರು. ಕಾಯಿ ಇದ್ದಾಗ ಕೀಳಬಾರದಂತ."

ಅದು ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರಮ್ಮ ನನಗೇ ಎರಡು ಸಲ ಹೇಳಿದ್ದರಲ್ಲ. ಆದರೂ, "ಹೌದವ್ವಾ, ಹಣ್ಣಾಗಲಿ ಬಿಡು," ಎಂದೆ. ಅವ್ವನಿಗೆ ಆ ಮಾತು ನಂಬಿಕೆ, ನನಗೆ ಅದು ನೆಪ.

ಅಪ್ಪನನ್ನೂ ಕೇಳಿದೆ, ಕೇಳಲಿಲ್ಲ ಎನ್ನಬಾರದು. "ಯಪ್ಪಾ, ಇದನ್ನೆಲ್ಲ ಬಿಟ್ಟು ಹೋಗಿಬರೂಣೇನು?"

"ಎಣ್ಣಿ ಬಂದಾಗ ಕಣ್ಣು ಮುಚ್ಕೋಬಾರದು ಬೇ," ಎಂದು ನಕ್ಕ. "ನಿನ್ನ ಹೆಸರು ಈಗ ಆಗ್ಯದ. ಏಳೂ ಮುಗಿಲಿ."

ನನಗೆ ಬೇಕಾದ ಉತ್ತರ ಅದೇ ಎಂದು ಅವನಿಗೆ ಗೊತ್ತಿತ್ತು. ಮಗಳು ಪೆಟ್ಟಿಗೆ ಹೊತ್ತು ಬಂದ ದಿನ ಏನೂ ಕೇಳದೆ ಶೆಡ್ಡಿನ ಅರ್ಧ ಖಾಲಿ ಮಾಡಿಕೊಟ್ಟವನು ಇದಕ್ಕೆ ಇಲ್ಲ ಎನ್ನುತ್ತಾನೆಯೇ? ಅವನು ಇಲ್ಲ ಎನ್ನುವುದಿಲ್ಲ ಎಂದು ಗೊತ್ತಿದ್ದೇ ನಾನು ಕೇಳಿದೆ.

ಟವೆಲ್ಲಿನ ಗಂಟು ಅವನಿಗೆ ಹಿಂದೆ ಸರಿಯಾಗಿ ಬೀಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನೇ ಕಟ್ಟುತ್ತಿದ್ದೆ. ಅವನು ಎಳೆಯ ಮಗುವಿನಂತೆ ತಲೆ ಬಗ್ಗಿಸಿ ಕೂರುತ್ತಿದ್ದ. ಬೆಳಕು ಬರುತ್ತಿದೆಯೇ ಎಂದು ಕೇಳಿ, ಬರುತ್ತಿದ್ದರೆ ಮತ್ತೆ ಬಿಗಿಯುತ್ತಿದ್ದೆ. ಸಂಜೆ ಬಿಚ್ಚಿದಾಗ ಒಳ್ಳೆಯ ಕಣ್ಣಿನಿಂದ ತಾನು ಮಾಡಿದ್ದನ್ನು ಒಂದು ಗಳಿಗೆ ನೋಡಿ, ಮುಖ ತಿರುಗಿಸಿ, ಕೈ ತೊಳೆಯಲು ಹೋಗುತ್ತಿದ್ದ.

ಒಂದೊಂದೇ ಸಾಮಾನು ಮುಗಿದು ಚಾಚಾನ ಅಂಗಡಿಯಲ್ಲಿ ಸಾಲಾಗಿ ನಿಂತಿತು. ಮೊದಲು ಮುಗಿದ ಮಂಚಕ್ಕಿಂತ ಎರಡನೆಯ ಅಲಮಾರಿ ಗಾಢ, ಅದಕ್ಕಿಂತ ಕಪಾಟು ಗಾಢ. ಊಟದ ಮೇಜಂತೂ ನೋಡಿದವರ ಕಣ್ಣು ಹಿಡಿದು ನಿಲ್ಲಿಸುವಂತಿತ್ತು. "ದಿನಕ್ಕೊಂದು ನಮೂನಿ ಮೇಲೇರಾಕತ್ಯದಲ್ಲ ನಿಮ್ಮಪ್ಪನ ಕೈ," ಎಂದು ವಿಜಯಲಕ್ಷ್ಮಿ ಅಕ್ಕಾರು ಬೆರಗಾದರು. ಚಾಚಾ ಮಾತ್ರ ಸಾಲಿನ ಆ ತುದಿಯಿಂದ ಈ ತುದಿಗೆ ನಡೆದು, ನನ್ನ ಹತ್ತಿರ ಬಂದು ನಿಂತ.

"ಬೇಟಿ, ನನಗ ಅಂಜಿಕಿ ಬರಾಕತ್ತದ," ಎಂದ.

ನನಗೂ ಗೊತ್ತಿತ್ತು. ಪೊರೆ ದಪ್ಪವಾದಷ್ಟೂ ನೀಲಿ ಹೆಚ್ಚು ಬೀಳುತ್ತಿತ್ತು. ಎಡಗಣ್ಣು ಹೇಗಿದೆ ಎಂದು ತಿಳಿಯಲು ನನಗೆ ಡಾಕ್ಟರು ಬೇಕಿರಲಿಲ್ಲ, ಅದು ಸಾಮಾನಿನ ಮೇಲೆಯೇ ಬರೆದುಕೊಂಡು ಹೋಗುತ್ತಿತ್ತು. ನಾನು ಓದಿದೆ, ಓದಿ ವಿಡಿಯೋ ಮಾಡಿ ಹಾಕಿದೆ.

ದೀಪಾವಳಿಯ ಮರುವಾರ, ಆರು ಮುಗಿದು ಜೋಕಾಲಿಯ ಹಲಗೆಯೊಂದು ಉಳಿದಿತ್ತು. ಆವತ್ತು ಅಪ್ಪ ಬೆಳಿಗ್ಗೆಯಿಂದ ಹಣೆ ಹಿಡಿದುಕೊಂಡೇ ಹಲಗೆ ಉಜ್ಜಿದ. ತಲೆನೋವು ಎಂದ, ಅವ್ವ ಮುಲಾಮು ತಿಕ್ಕಿದಳು. ಮಧ್ಯಾಹ್ನ ಉಂಡದ್ದೆಲ್ಲ ಕಾರಿಕೊಂಡ. ಎಡಗಣ್ಣು ಕೆಂಡದಂತೆ ಕೆಂಪಾಗಿ, ನಡುವಿನ ಕರಿ ಗುಡ್ಡೆ ಬೆಳ್ಳಗೆ ಮಸುಕಾಗಿತ್ತು. ಚಾಚಾನ ಅಳಿಯನ ಗಾಡಿಯಲ್ಲಿ ರಾಯಚೂರಿಗೆ ಒಯ್ದೆವು. ದಾರಿಯುದ್ದ ಅಪ್ಪ ನೋವಿಗೆ ಹಲ್ಲು ಕಚ್ಚಿ, "ಏಟು ದೂರ ಅದ?" ಎಂದು ಕೇಳುತ್ತಿದ್ದ. ನಾನು ಪ್ರತಿ ಸಲವೂ ಬಂತು ಯಪ್ಪಾ, ಬಂತು ಎನ್ನುತ್ತಿದ್ದೆ. ಮಾನ್ವಿ ಆಗಷ್ಟೇ ದಾಟಿತ್ತು.

ಡಾಕ್ಟರಮ್ಮ ನೋವು ಇಳಿಸಲು ಸೂಜಿ ಕೊಡಿಸಿ, ಮರುದಿನ ಪೊರೆ ತೆಗೆದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ನೋವು ಹೋಗ್ತದ. ನೋಟ ಬರಂಗಿಲ್ಲ. ಒತ್ತಡಕ್ಕ ಒಳಗಿನ ನರ ಸತ್ತು ಹೋಗ್ಯದ." ನನ್ನ ಮುಂದೆ ಚೀಟಿಯೊಂದನ್ನು ಸರಿಸಿದರು. ಎರಡು ತಾರೀಖಿನ ಮುಂದೆಯೂ ಕೆಮ್ಮು ಎಂದು ಬರೆದಿತ್ತು. "ಕೆಮ್ಮು ಭಾಳ ಇತ್ತೇನು ಅವರಿಗೆ?"

ನಾನು ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ಗೊತ್ತಾಗಲಿಲ್ಲ. ಅವರು ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಪ್ಪನಿಗೆ ನಾನೇ ಹೇಳಿದೆ. ಮಂಚದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದವನು ಪೂರ್ತಿ ಸುಲಿದು, ಅರ್ಧ ಮುರಿದು ನನಗೆ ಕೊಟ್ಟ. "ಒಂದರ ಅದಲ್ಲ," ಎಂದ. ತನ್ನ ಅರ್ಧ ತಿಂದು, "ಜೋಕಾಲಿ ಒಂದು ಉಳೀತು ನೋಡು," ಎಂದ. ಅವನು ಬೈದಿದ್ದರೆ ನಾನು ಅಲ್ಲೇ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಹಣ್ಣು ತಿಂದೆ.

ಮಾನ್ವಿಗೆ ತಿರುಗಿ ಬಂದು ಎಂಟು ದಿನಕ್ಕೆ ವಿಜಯಲಕ್ಷ್ಮಿ ಅಕ್ಕಾರು ಫೋನ್ ಮಾಡಿದರು. ಸುದ್ದಿ ಕೇಳಿ ಅತ್ತರು. "ಜೋಕಾಲಿ ಹಂಗಾ ಕೊಟ್ಟುಬಿಡವ್ವಾ, ಕಟ್ಟಿಗಿ ಬಣ್ಣದಾಗಾ ಇರ್ಲಿ," ಎಂದರು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಂಡ.

ಮರುದಿನ ಮಧ್ಯಾಹ್ನ ಅಪ್ಪನಿಗೆ ಕಣ್ಣಿನ ಹನಿ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬಂದಾಗ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಪ್ಪ ಜೋಕಾಲಿಯ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಲಗಣ್ಣಿಗೆ ಆ ಹಳೆಯ ಟವೆಲ್ಲು ಕಟ್ಟಿಕೊಂಡಿದ್ದ. ನೋಟವಿದ್ದ ಕಣ್ಣು ಬಟ್ಟೆಯೊಳಗೆ, ತೆರೆದಿದ್ದ ಕಣ್ಣು ಸತ್ತದ್ದು. ಸುತ್ತ ನಾಲ್ಕೈದು ಡಬ್ಬಿ ತೆರೆದಿದ್ದವು. ತೆಂಗಿನ ಚಿಪ್ಪಿನಲ್ಲಿ ಕಡ್ಡಿ ಆಡಿಸುತ್ತಿದ್ದ.

"ಯಾರು? ದೇವಿಕಾ?"

"ಹೂಂ ಯಪ್ಪಾ."

"ಈ ಕಣ್ಣು ನೋಡಿದ್ರ ಕೈ ಹೆದರ್ತದ. ಕತ್ತಲಾಗ ಕೈಗೆ ನೆನಪು ಬರ್ತದೇನೋ ಅಂತ ನೋಡಾಕತ್ತೀನಿ," ಎಂದ. ಚಿಪ್ಪಿನಿಂದ ಒಂದು ಹನಿ ಎತ್ತಿ ಹೆಬ್ಬೆರಳಿಗೆ ಹಚ್ಚಿದ. ಅರ್ಧ ಉಗುರಿನ ಮೇಲೆ, ಅರ್ಧ ಬೆರಳಿನ ಮೇಲೆ ಬಿತ್ತು. ಅದನ್ನು ಎದುರಿನ ಗೋಡೆಯ ಕಡೆಗೆ ಎತ್ತಿ ಹಿಡಿದು, ಕತ್ತು ಓರೆ ಮಾಡಿದ. "ಹೊಂದ್ಯದೇನು ನೋಡವ್ವಾ?"

ಐಶ್ವರ್ಯಳ ಏಳನೆಯ ಸೀರೆ ಆ ಗೋಡೆಯ ಮೊಳೆಯಲ್ಲಿ ಇರಲಿಲ್ಲ. ಧೂಳಾಗುತ್ತದೆ ಎಂದು ಆಸ್ಪತ್ರೆಗೆ ಹೋದ ದಿನವೇ ಅವ್ವ ತೆಗೆದು ಒಳಗೆ ಇಟ್ಟಿದ್ದಳು. ಅವನು ಬೆರಳು ಹಿಡಿದದ್ದು ಬರೀ ತಗಡಿಗೆ. ಉಗುರಿನ ಮೇಲಿದ್ದದ್ದು ನೆಲ ಒರೆಸಿದ ನೀರಿನ ಬಣ್ಣ.

ನಾನು ಒಳಗಿನಿಂದ ಸೀರೆ ತಂದು ಅವನ ಬೆರಳಿನ ಪಕ್ಕ ಹಿಡಿದೆ. ಮತ್ತೊಂದು ಕೈಯಿಂದ ಅವನ ತಲೆಯ ಹಿಂದಿನ ಗಂಟನ್ನು ಮುಟ್ಟಿದೆ. ಬಿಚ್ಚಬೇಕೆಂದೇ ಮುಟ್ಟಿದ್ದು. ಗಂಟು ಸಡಿಲವಾಗಿತ್ತು, ಎಳೆದರೆ ಬರುತ್ತಿತ್ತು.

"ಬಿಗಿ ಮಾಡು, ಬೆಳಕು ಬರಾಕತ್ತದ," ಎಂದು ಅವನು ತಲೆ ಬಗ್ಗಿಸಿದ.

ಬಿಗಿದೆ.

"ಈಗ ಹೇಳು. ಏನು ಕಮ್ಮಿ ಅದ?"

"ಇನ್ನೊಂದು ಹನಿ ನೀಲಿ ಯಪ್ಪಾ," ಎಂದೆ.

ಅವನ ಕೈ ನೆಲದ ಮೇಲೆ ತಡವರಿಸುತ್ತ ಹಳದಿ ಡಬ್ಬಿ ಮುಟ್ಟಿತು, ಬಿಳಿಯದನ್ನು ಮುಟ್ಟಿತು, ಅಲ್ಲೇ ನಿಂತಿತು. ನೀಲಿ ಡಬ್ಬಿಯನ್ನು ನಾನೇ ಎತ್ತಿ ಅವನ ಕೈಗೆ ಕೊಟ್ಟೆ.